ಸ್ಪ್ರಿಂಗ್ ಎಲ್ಲಿ ಬಿಗಿಯಾಗಬೇಕು? ಸ್ಪೋರ್ಟ್ ಎಟಿವಿ ಶಾಕಪ್‌ನ ಲೆಕ್ಕ

ಕಬ್ಬು ಸಾಗಿಸಿ ಮುಗಿದ ಮೇಲೆ ಮಂಡ್ಯದ ಗದ್ದೆ ದಾರಿಗಳು ಹೇಗಿರುತ್ತವೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲೋಡು ಹೊತ್ತ ಟ್ರ್ಯಾಕ್ಟರ್ ಹಸಿ ಮಣ್ಣಿನಲ್ಲಿ ಬಿಟ್ಟು ಹೋದ ಜಾಡು ಹಾಗೇ ಒಣಗಿ ಕಲ್ಲಾಗಿರುತ್ತದೆ. ಗೇಣಿಗೊಂದು ಏಣು. ಅದೇ ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ತೂಬಿನ ಪಕ್ಕ ಒಂದೂವರೆ ಅಡಿ ದಿಢೀರ್ ಇಳಿತ. ಏಣಿಗೆ ಮೆತ್ತನೆಯ ಸ್ಪ್ರಿಂಗ್ ಬೇಕು, ಇಳಿತಕ್ಕೆ ಗಟ್ಟಿ ಸ್ಪ್ರಿಂಗ್ ಬೇಕು. ಒಂದೇ ಸ್ಪ್ರಿಂಗ್ ಹಾಕಿದರೆ ಎರಡರಲ್ಲಿ ಒಂದಕ್ಕೆ ಮಾತ್ರ ಹೊಂದುತ್ತದೆ. ಅದಕ್ಕೇ ಸ್ಪೋರ್ಟ್ ಎಟಿವಿಗಳ (ಒರಟು ನೆಲದಲ್ಲಿ ಜೋರಾಗಿ ಓಡಿಸುವ ನಾಲ್ಕು ಚಕ್ರದ ಗಾಡಿಗಳು) ಒಳ್ಳೆಯ ಶಾಕಪ್‌ಗಳಲ್ಲಿ ಒಂದರ ಮೇಲೊಂದು ಎರಡು, ಕೆಲವೊಮ್ಮೆ ಮೂರು ಸ್ಪ್ರಿಂಗ್ ಇರುತ್ತವೆ.

ಇವನ್ನು ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ "ಎಷ್ಟು ರೇಟಿನದು ಹಾಕಲಿ?" ರೇಟು ಅಂದರೆ ಇಲ್ಲಿ ಬೆಲೆಯಲ್ಲ, ಸ್ಪ್ರಿಂಗಿನ ಬಿಗಿ: ಒಂದು ಮಿಲಿಮೀಟರ್ ಕುಗ್ಗಿಸಲು ಎಷ್ಟು ಕೆ.ಜಿ. ಬೇಕು ಅನ್ನುವುದು. ಅದು ಅರ್ಧ ಪ್ರಶ್ನೆ. ಮೆತ್ತನೆಯ ಹಂತ ಮುಗಿದು ಗಟ್ಟಿ ಹಂತ ಎಷ್ಟನೇ ಮಿಲಿಮೀಟರಿನಲ್ಲಿ ಶುರುವಾಗಬೇಕು ಅನ್ನುವುದು ಉಳಿದರ್ಧ. ಈ ಜಾಗಕ್ಕೆ ಕ್ರಾಸ್‌ಓವರ್ ಅನ್ನುತ್ತಾರೆ. ದುಬಾರಿ ಸ್ಪ್ರಿಂಗ್ ಹಾಕಿಯೂ ಗಾಡಿ ಸರಿಹೋಗದಿದ್ದರೆ ಬಹಳ ಸಲ ತಪ್ಪು ಇರುವುದು ಇಲ್ಲೇ. ಆದ್ದರಿಂದ ಮುಂದಿನ ಲೆಕ್ಕವನ್ನು ದಯವಿಟ್ಟು ಓದಿ ಬಿಡಬೇಡಿ, ಕಾಗದ ಪೆನ್ನು ಹಿಡಿದು ನಿಮ್ಮ ಗಾಡಿಯ ಅಂಕಿ ಹಾಕಿ ಮಾಡಿ.

ಮೊದಲು ಅಳತೆ. ಗಾಡಿಯನ್ನು ಜ್ಯಾಕಿ ಕೊಟ್ಟು ನಾಲ್ಕೂ ಚಕ್ರ ನೆಲ ಬಿಡುವಂತೆ ಸ್ಟ್ಯಾಂಡಿನ ಮೇಲೆ ಕೂರಿಸಿ. ಮುಂದಿನ ಒಂದು ಶಾಕಪ್ ಬಿಚ್ಚಿ, ಸ್ಪ್ರಿಂಗ್ ತೆಗೆದು, ಬರೀ ಶಾಕನ್ನು ವಾಪಸ್ ಬೋಲ್ಟ್ ಮಾಡಿ. ಈಗ ಚಕ್ರವನ್ನು ಕೈಯಲ್ಲೇ ಎತ್ತಬಹುದು. ಪೂರ್ತಿ ಕೆಳಗಿಂದ ಪೂರ್ತಿ ಮೇಲಕ್ಕೆ ಚಕ್ರ ಎಷ್ಟು ಓಡುತ್ತದೆ, ಅಷ್ಟರಲ್ಲಿ ಶಾಕ್ ಎಷ್ಟು ಕುಗ್ಗುತ್ತದೆ, ಎರಡನ್ನೂ ಟೇಪು ಹಿಡಿದು 20 ಮಿ.ಮೀ.ಗೊಮ್ಮೆ ಬರೆದುಕೊಳ್ಳಿ. ಒಳಗಿನ ಗ್ಯಾಸ್ ಒತ್ತಡದಿಂದ ಶಾಫ್ಟ್ (ಶಾಕಿನ ಸರಳು) ತಾನೇ ಹೊರಗೆ ತಳ್ಳುತ್ತಿರುತ್ತದೆ. ಎತ್ತಲು ಸ್ವಲ್ಪ ಬಲ ಬೇಕು, ಹೆದರಬೇಡಿ. ಕಂಪನಿ ಪುಸ್ತಕದಲ್ಲಿ ಇರುವ ಚಕ್ರದ ಓಟವನ್ನೇ ನಂಬಬೇಡಿ. ಎ-ಆರ್ಮ್ (ಚಕ್ರವನ್ನು ಚಾಸಿಗೆ ಸೇರಿಸುವ ತೋಳು) ಬದಲಾಗಿದ್ದರೆ, ಶಾಕ್ ಬೇರೆ ಗಾಡಿಯದಾಗಿದ್ದರೆ ಆ ಅಂಕಿಗೂ ನಿಮ್ಮ ಗಾಡಿಗೂ ಸಂಬಂಧವೇ ಇರುವುದಿಲ್ಲ.

ಉದಾಹರಣೆಗೆ ಚಕ್ರ 240 ಮಿ.ಮೀ. ಓಡಿದಾಗ ಶಾಕ್ 120 ಮಿ.ಮೀ. ಕುಗ್ಗಿತು ಅಂತಿಟ್ಟುಕೊಳ್ಳಿ. ಅನುಪಾತ ಅರ್ಧ. ಅಂದರೆ ಚಕ್ರದ ಮೇಲೆ 1 ಕೆ.ಜಿ. ಭಾರ ಬಿದ್ದರೆ ಶಾಕಿನ ಮೇಲೆ 2 ಕೆ.ಜಿ. ಬೀಳುತ್ತದೆ, ಓಟ ಅರ್ಧ ಆಗುತ್ತದೆ. ಹೀಗೆ ಎರಡು ಕಡೆಯಿಂದ ಅರ್ಧವಾಗುವುದರಿಂದ ಚಕ್ರಕ್ಕೆ ಗೊತ್ತಾಗುವ ಬಿಗಿ, ಸ್ಪ್ರಿಂಗಿನ ಬಿಗಿಯ ಕಾಲು ಭಾಗ ಮಾತ್ರ. ಪರದೇಶದ ಫೋಟೋ ನೋಡಿ "ಅವರು ಇಷ್ಟು ರೇಟ್ ಹಾಕಿದ್ದಾರೆ" ಅಂತ ಅದನ್ನೇ ತರಿಸುವುದು ಈ ಕಾರಣಕ್ಕೇ ಕೈಕೊಡುತ್ತದೆ. ಅನುಪಾತ 0.5 ಇದ್ದದ್ದು 0.55 ಆದರೆ ಅದೇ ಸ್ಪ್ರಿಂಗ್ ಚಕ್ರದ ಹತ್ತಿರ ಶೇ. 21ರಷ್ಟು ಹೆಚ್ಚು ಬಿಗಿ.

ಈಗ ತೂಕ. ಗಾಡಿ 180 ಕೆ.ಜಿ., ಸವಾರ 75, ಒಟ್ಟು 255. ಎರಡು ಮುಂದಿನ ಚಕ್ರಗಳ ಕೆಳಗೆ ತಕ್ಕಡಿ ಇಟ್ಟು, ಹಿಂದಿನ ಚಕ್ರಗಳನ್ನೂ ಅದೇ ಎತ್ತರದ ಹಲಗೆ ಮೇಲೆ ನಿಲ್ಲಿಸಿ, ಸವಾರ ಕೂತು ನೋಡಿದಾಗ ಮುಂದೆ 118 ಕೆ.ಜಿ. ಬಂತು ಅಂತಿರಲಿ. ಇದರಲ್ಲಿ ಚಕ್ರ, ಹಬ್, ಬ್ರೇಕು, ಎ-ಆರ್ಮಿನ ಅರ್ಧ ಭಾಗ ಸ್ಪ್ರಿಂಗಿನ ಮೇಲೆ ಕೂರುವುದಿಲ್ಲ. ಅದಕ್ಕೆ ಒಂದೊಂದು ಕಡೆ 14 ಕೆ.ಜಿ. ಕಳೆದರೆ ಒಂದು ಚಕ್ರದ ಪಾಲಿಗೆ ಸ್ಪ್ರಿಂಗ್ ಹೊರುವ ಭಾರ 45 ಕೆ.ಜಿ. ಶಾಕಿನ ಮೇಲೆ 90.

ಈ 90ನ್ನೂ ಸ್ಪ್ರಿಂಗ್ ಒಂದೇ ಹೊರುವುದಿಲ್ಲ. ಶಾಕಿನೊಳಗಿನ ನೈಟ್ರೋಜನ್ 10 ಬಾರ್ ಇದ್ದು ಶಾಫ್ಟ್ ಅರ್ಧ ಇಂಚಿನದಾದರೆ, ಆ ಗ್ಯಾಸೇ ಸುಮಾರು 13 ಕೆ.ಜಿ. ಎತ್ತುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಸ್ಪ್ರಿಂಗ್ ತರಿಸಿದವರಿಗೆ ಗಾಡಿ ಯಾಕೋ ಎತ್ತರ ನಿಂತಿದೆ ಅನ್ನಿಸುತ್ತದೆ. ಉಳಿದದ್ದು 77 ಕೆ.ಜಿ.; ಇದು ಸ್ಪ್ರಿಂಗಿನ ಪಾಲು.

ಸವಾರ ಕೂತಾಗ ಗಾಡಿ ತನ್ನ ಒಟ್ಟು ಓಟದ ಸುಮಾರು ಶೇ. 30ರಷ್ಟು ಕೆಳಗೆ ಕೂರಬೇಕು. ಇದು ಸ್ಯಾಗ್. ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯಲು ಇಷ್ಟು ಕೈಯಲ್ಲಿರಬೇಕು. ಶಾಕಿನ ಲೆಕ್ಕದಲ್ಲಿ 36 ಮಿ.ಮೀ. 77 ಭಾಗಿಸು 36, ಮಿಲಿಮೀಟರಿಗೆ ಸುಮಾರು 2.1 ಕೆ.ಜಿ. ಮೊದಲ ಹಂತಕ್ಕೆ ಬೇಕಾದ ಬಿಗಿ ಇಷ್ಟು.

2.1ರ ಒಂದೇ ಸ್ಪ್ರಿಂಗ್ ಹಾಕಿಬಿಟ್ಟರೆ? ಸ್ಯಾಗ್ ಚೆನ್ನಾಗಿ ಬರುತ್ತದೆ, ಏಣುಗಳ ಮೇಲೆ ಹಾಯಾಗಿ ಹೋಗುತ್ತದೆ. ಆದರೆ ಪೂರ್ತಿ 120 ಮಿ.ಮೀ. ಕುಗ್ಗಿದಾಗ ಸ್ಪ್ರಿಂಗ್ ಕೊಡುವುದು 252 ಕೆ.ಜಿ., ಚಕ್ರದ ಹತ್ತಿರ 126. ನಿಂತ ಭಾರದ ಮೂರು ಪಟ್ಟೂ ಇಲ್ಲ. ತೂಬಿನ ಇಳಿತದಲ್ಲಿ ತಳ ಬಡಿಯುತ್ತದೆ. ಬೇಡ, ಮಿಲಿಮೀಟರಿಗೆ 4 ಕೆ.ಜಿ.ಯ ಒಂದೇ ಸ್ಪ್ರಿಂಗ್ ಹಾಕೋಣ ಅಂದರೆ ತಳ ಬಡಿಯದು, ಆದರೆ ಗಾಡಿ ಬರೀ 19 ಮಿ.ಮೀ. ಕೂರುತ್ತದೆ. ಓಟದ ಶೇ. 16. ಒಣಗಿದ ಜಾಡಿನ ಮೇಲೆ ಹ್ಯಾಂಡಲ್ ಹಿಡಿದ ಕೈ ಹತ್ತೇ ನಿಮಿಷಕ್ಕೆ ಮರಗಟ್ಟುತ್ತದೆ.

ಎರಡನ್ನು ಒಂದರ ಮೇಲೊಂದು ಕೂರಿಸುವುದರ ಗುಟ್ಟು ಇಲ್ಲಿದೆ. ಒಂದರ ಮೇಲೊಂದು ಕೂತ ಸ್ಪ್ರಿಂಗ್‌ಗಳ ಒಟ್ಟು ಬಿಗಿ, ಅವೆರಡರಲ್ಲಿ ಮೆತ್ತಗಿರುವುದಕ್ಕಿಂತಲೂ ಮೆತ್ತಗೆ. ಲೆಕ್ಕ ಸುಲಭ: ಎರಡು ರೇಟುಗಳ ಗುಣಾಕಾರವನ್ನು ಎರಡರ ಮೊತ್ತದಿಂದ ಭಾಗಿಸಿ. ಕೆಳಗೆ 4 ಕೆ.ಜಿ.ಯ ಉದ್ದ ಸ್ಪ್ರಿಂಗ್, ಮೇಲೆ 4.5 ಕೆ.ಜಿ.ಯ ಗಿಡ್ಡ ಸ್ಪ್ರಿಂಗ್ ಇಟ್ಟರೆ 18 ಭಾಗಿಸು 8.5, ಅಂದರೆ 2.12. ನಮಗೆ ಬೇಕಾದದ್ದೇ ಬಂತು. ಮೇಲಿನ ಗಿಡ್ಡ ಸ್ಪ್ರಿಂಗ್ ಕೆಳಗಿನದಕ್ಕಿಂತ ಮೆತ್ತಗೇ ಇರಬೇಕು ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಬೇಕಾಗಿಲ್ಲ, ನೋಡಿ, ಇಲ್ಲಿ ಅದೇ ಹೆಚ್ಚು ಬಿಗಿ.

ಅಮೆರಿಕದಿಂದ ಬರುವ ಸ್ಪ್ರಿಂಗ್ ಮೇಲೆ ರೇಟು ಇಂಚಿಗೆ ಇಷ್ಟು ಪೌಂಡ್ ಅಂತ ಇರುತ್ತದೆ. 56ರಿಂದ ಭಾಗಿಸಿದರೆ ಮಿಲಿಮೀಟರಿಗೆ ಕೆ.ಜಿ. ಸಿಗುತ್ತದೆ. ನಮ್ಮ ಜೋಡಿ ಅಲ್ಲಿನ ಲೆಕ್ಕದಲ್ಲಿ 225 ಮತ್ತು 250. ಅಚ್ಚು ಓದುವಾಗ ಒಂದು ಎಚ್ಚರ: ಉದ್ದ, ಒಳವ್ಯಾಸ, ರೇಟು ಮೂರೂ ಸಾಲಾಗಿ ಇರುತ್ತವೆ. ಒಳವ್ಯಾಸ ಎರಡೂ ಕಾಲು ಇಂಚು ಇದ್ದರೆ ಅದೂ ಚುಕ್ಕಿಯಿಲ್ಲದ 225 ಥರವೇ ಕಾಣಿಸುತ್ತದೆ. ವರ್ನಿಯರ್ ಇಟ್ಟು ಒಳವ್ಯಾಸ 57 ಮಿ.ಮೀ. ಬಂದರೆ ಆ ಅಂಕಿ ವ್ಯಾಸದ್ದು, ರೇಟು ಬೇರೆ ಕಡೆ ಇದೆ ಅಂತ ಅರ್ಥ.

ಇನ್ನು ಕ್ರಾಸ್‌ಓವರ್. ಗಿಡ್ಡ ಸ್ಪ್ರಿಂಗಿಗೂ ಉದ್ದ ಸ್ಪ್ರಿಂಗಿಗೂ ನಡುವೆ ಒಂದು ಪ್ಲಾಸ್ಟಿಕ್ ಸ್ಲೈಡರ್ ಇರುತ್ತದೆ, ಶಾಕಿನ ಬಾಡಿ ಮೇಲೆ ಜಾರುತ್ತದೆ. ಗಿಡ್ಡ ಸ್ಪ್ರಿಂಗಿನ ಒಳಗೆ, ಕಾಲರಿಗೆ (ಸ್ಪ್ರಿಂಗನ್ನು ಮೇಲಿಂದ ಹಿಡಿಯುವ, ತಿರುಗಿಸಬಹುದಾದ ಬಳೆ) ತಾಗಿಕೊಂಡು ಒಂದು ಕೊಳವೆ ಕೂತಿರುತ್ತದೆ. ಸ್ಲೈಡರ್ ಮೇಲೆ ಸರಿದು ಆ ಕೊಳವೆಗೆ ಮುಟ್ಟಿತೋ, ಗಿಡ್ಡ ಸ್ಪ್ರಿಂಗಿನ ಕೆಲಸ ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆಗೆ ಉದ್ದ ಸ್ಪ್ರಿಂಗ್ ಒಂದೇ, 4 ಕೆ.ಜಿ.

ಶಾಕಿನ ಓಟದ ಅರ್ಧಕ್ಕೆ, 60 ಮಿ.ಮೀ.ಗೆ ಬದಲಾಗಲಿ ಅಂತ ನಿರ್ಧರಿಸಿದರೆ ಸ್ಲೈಡರಿಗೂ ಕೊಳವೆಗೂ ನಡುವೆ ಎಷ್ಟು ಸಂದು ಬಿಡಬೇಕು? 60 ಅನ್ನುವ ಉತ್ತರ ಸಲೀಸಾಗಿ ಬಾಯಿಗೆ ಬರುತ್ತದೆ, ಗಾಡಿ ಕೆಡುವುದೂ ಅಲ್ಲೇ. ಶಾಕ್ 60 ಕುಗ್ಗಿದಾಗ ಎರಡು ಸ್ಪ್ರಿಂಗೂ ಸೇರಿ 60 ಕುಗ್ಗಿರುತ್ತವೆ. ಆ ಹೊತ್ತಿಗೆ ಬಲ 2.12 ಗುಣಿಸು 60, 127 ಕೆ.ಜಿ. ಗಿಡ್ಡ ಸ್ಪ್ರಿಂಗಿನ ಪಾಲು 127 ಭಾಗಿಸು 4.5, 28 ಮಿ.ಮೀ. ಉದ್ದದ್ದು ಮಿಕ್ಕ 32. ಆದ್ದರಿಂದ ಸಂದು 28 ಇರಬೇಕು. 60 ಬಿಟ್ಟರೆ ಏನಾಗುತ್ತದೆ ಗೊತ್ತೇ? ಗಿಡ್ಡ ಸ್ಪ್ರಿಂಗ್ ಅಷ್ಟು ಕುಗ್ಗಲು 270 ಕೆ.ಜಿ. ಬೇಕು, ಅಷ್ಟು ಹೊತ್ತಿಗೆ ಶಾಕ್ 127 ಮಿ.ಮೀ. ಕುಗ್ಗಿರಬೇಕು. ಶಾಕಿನ ಓಟವೇ 120. ಗಟ್ಟಿ ಹಂತ ಬರುವುದೇ ಇಲ್ಲ. ಎರಡು ಸ್ಪ್ರಿಂಗಿಗೆ ದುಡ್ಡು ಕೊಟ್ಟು ಒಂದೇ ಮೆತ್ತನೆಯ ಸ್ಪ್ರಿಂಗಿನ ಮೇಲೆ ಓಡಾಡಿದ ಹಾಗೆ.

28ಕ್ಕೆ ಸರಿಯಾಗಿ ನಿಲ್ಲಿಸಿದಾಗ ಪೂರ್ತಿ ಕುಗ್ಗಿದ ಕೊನೆಯಲ್ಲಿ ಬಲ 127 ಕೂಡಿಸು 240, ಒಟ್ಟು 367 ಕೆ.ಜಿ. ಚಕ್ರದ ಹತ್ತಿರ 183. ನಿಂತ ಭಾರದ ನಾಲ್ಕು ಪಟ್ಟು. ಒಂದೇ ಮೆತ್ತನೆಯ ಸ್ಪ್ರಿಂಗಿನ 126ಕ್ಕೆ ಇದನ್ನು ಹೋಲಿಸಿ ನೋಡಿ. ಸ್ಯಾಗ್ ಒಂದು ಮಿಲಿಮೀಟರೂ ಬದಲಾಗಿಲ್ಲ.

ಕ್ರಾಸ್‌ಓವರ್ ಎಲ್ಲಿಡಬೇಕು ಅನ್ನುವುದು ನೆಲ ನೋಡಿ ಹೇಳಬೇಕಾದ ಮಾತು. ಮೇಲಿನ ಲೆಕ್ಕದಲ್ಲಿ ಅದು ಬರುವುದು ಚಕ್ರದ ಮೇಲಿನ ಭಾರ 70 ಕೆ.ಜಿ. ಆದಾಗ, ಅಂದರೆ ನಿಂತ ಭಾರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಪಾಂಡವಪುರ, ಮಳವಳ್ಳಿ ಕಡೆಯ ತೋಟದೊಳಗಿನ ಒರಟು ದಾರಿಗೆ ಇದು ಸರಿ. ಆದರೆ ಮೈಸೂರಿನ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಂಥ ಚಪ್ಪಟೆ ಮಣ್ಣಿನ ಟ್ರ್ಯಾಕಿನಲ್ಲಿ ಗುಂಡಿಗಿಂತ ತಿರುವು ಮುಖ್ಯ. ವೇಗವಾಗಿ ತಿರುಗುವಾಗ ಹೊರಗಿನ ಚಕ್ರದ ಮೇಲೆ ಭಾರ ಬೀಳುತ್ತದೆ. ಅದು ಮೆತ್ತನೆಯ ಹಂತದಲ್ಲೇ ಉಳಿದರೆ ಗಾಡಿ ವಾಲುತ್ತದೆ, ಒಳಗಿನ ಚಕ್ರ ನೆಲ ಬಿಡುತ್ತದೆ. ಅಲ್ಲಿಗೆ 1.3 ಪಟ್ಟಿನಲ್ಲೇ ಗಟ್ಟಿ ಹಂತ ಶುರುವಾಗಲಿ. 45 ಗುಣಿಸು 1.3, ಎರಡರಷ್ಟು ಮಾಡಿ, ಗ್ಯಾಸಿನ 13 ಕಳೆದರೆ 104 ಕೆ.ಜಿ.; ಗಿಡ್ಡ ಸ್ಪ್ರಿಂಗಿನ ಪಾಲು 23 ಮಿ.ಮೀ. ಸಂದು 28 ಇದ್ದದ್ದನ್ನು 23 ಮಾಡಲು ಬೇಕಾದದ್ದು 5 ಮಿ.ಮೀ. ದಪ್ಪದ ಒಂದು ಬಳೆ, ಅಷ್ಟೇ. ಹೊಸ ಸ್ಪ್ರಿಂಗ್ ಬೇಡ. ಒಂದೊಂದು ಶಾಕಿಗೆ 3 ಮಿ.ಮೀ.ದು ಒಂದು, 5 ಮಿ.ಮೀ.ದು ಎರಡು ಬಳೆ ಮಾಡಿಸಿ ಡಬ್ಬಿಯಲ್ಲಿಟ್ಟುಕೊಂಡರೆ ಯಾವ ನೆಲಕ್ಕೆ ಹೋದರೂ ಹೊಂದಿಸಬಹುದು.

ಉದ್ದದ ತಾಳೆ ನೋಡುವುದು ಮುಂದಿನ ಕೆಲಸ. ಉದ್ದ ಸ್ಪ್ರಿಂಗ್ ಕೊನೆಯಲ್ಲಿ 32 ಕೂಡಿಸು 60, ಒಟ್ಟು 92 ಮಿ.ಮೀ. ಕುಗ್ಗುತ್ತದೆ. ಸುತ್ತಿಗೆ ಸುತ್ತು ತಾಗಿ ಗಟ್ಟಿಯಾಗುವ ಮುಂಚೆ ಅದಕ್ಕಿಂತ ಕನಿಷ್ಠ 10 ಮಿ.ಮೀ. ಹೆಚ್ಚು ಜಾಗ ಇರಲೇಬೇಕು. 9 ಮಿ.ಮೀ. ತಂತಿ, 57 ಒಳವ್ಯಾಸ, ಕೆಲಸ ಮಾಡುವ ಸುತ್ತು ಐದೂ ಮುಕ್ಕಾಲು ಇದ್ದರೆ ರೇಟು ಹತ್ತಿರ ಹತ್ತಿರ 4 ಬರುತ್ತದೆ. ತುದಿಯ ಸುತ್ತು ಸೇರಿ ಪೂರ್ತಿ ಒತ್ತಿದಾಗ ಸುಮಾರು 69 ಮಿ.ಮೀ. 200 ಉದ್ದದ ಸ್ಪ್ರಿಂಗಾದರೆ 131 ಕುಗ್ಗಬಲ್ಲದು, ಸಾಕು. ಗಿಡ್ಡದ್ದು 100 ಮಿ.ಮೀ. ಇರಲಿ, 28 ಕುಗ್ಗಿದ ಮೇಲೂ ಸುತ್ತುಗಳ ನಡುವೆ ಒಟ್ಟಾರೆ 3 ಮಿ.ಮೀ.ಗಿಂತ ಹೆಚ್ಚು ಮಿಕ್ಕಿರಬೇಕು. ಕೊಳವೆಯೇ ಇಲ್ಲದೆ, ಗಿಡ್ಡ ಸ್ಪ್ರಿಂಗಿನ ಸುತ್ತುಗಳು ತಾಗಿದಾಗ ತಾನಾಗಿ ನಿಲ್ಲಲಿ ಅಂತ ಬಿಡುವವರಿದ್ದಾರೆ. ಅದಕ್ಕೆಂದೇ ಮಾಡಿದ ಚಪ್ಪಟೆ ತಂತಿಯ ಸ್ಪ್ರಿಂಗಾದರೆ ತೊಂದರೆಯಿಲ್ಲ. ದುಂಡು ತಂತಿಯದಾದರೆ ಪ್ರತಿ ಗುದ್ದಿಗೂ ಠಣ್ ಅನ್ನುತ್ತದೆ, ತಾಗುವ ಜಾಗದ ಬಣ್ಣ ಉದುರುತ್ತದೆ, ಅಲ್ಲಿ ತುಕ್ಕು ಹಿಡಿಯುತ್ತದೆ, ಒಂದು ದಿನ ಅದೇ ಗೆರೆಯಲ್ಲಿ ತುಂಡಾಗುತ್ತದೆ.

ರೇಟು ಅಚ್ಚಿಲ್ಲದ ಹಳೆಯ ಸ್ಪ್ರಿಂಗ್ ಸಿಕ್ಕಿದರೆ ತಂತಿಯ ದಪ್ಪ ಅಳೆದು ಲೆಕ್ಕ ಹಾಕುವಾಗ ಬಣ್ಣ ಮೋಸ ಮಾಡುತ್ತದೆ. ರೇಟು ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಹೋಗುತ್ತದೆ. ಪೌಡರ್ ಕೋಟಿಂಗ್ ಒಂದೊಂದು ಕಡೆ ಹತ್ತನೇ ಒಂದು ಮಿಲಿಮೀಟರ್ ಇದ್ದರೂ ವರ್ನಿಯರಿನಲ್ಲಿ 9 ಇದ್ದದ್ದು 9.2 ತೋರುತ್ತದೆ, ಉತ್ತರದಲ್ಲಿ ಶೇ. 9 ಹೆಚ್ಚು. ತುದಿಯಲ್ಲಿ ಸಾಣೆ ಹಿಡಿದ ಚಪ್ಪಟೆ ಭಾಗದ ಪಕ್ಕ ಬಣ್ಣ ಸವೆದಿರುತ್ತದೆ, ಅಲ್ಲಿ ಅಳೆಯಿರಿ. ಇನ್ನೂ ಒಳ್ಳೆಯದು ಒತ್ತಿ ನೋಡುವುದು. ಗ್ಯಾರೇಜಿನ ಹೈಡ್ರಾಲಿಕ್ ಪ್ರೆಸ್ ಕೆಳಗೆ 150 ಕೆ.ಜಿ. ತೂಗುವ ಮನೆ ತಕ್ಕಡಿ, ಅದರ ಮೇಲೆ ದಪ್ಪ ಕಬ್ಬಿಣದ ತಗಡು, ಅದರ ಮೇಲೆ ಸ್ಪ್ರಿಂಗ್. ಮೊದಲು 10 ಮಿ.ಮೀ. ಒತ್ತಿ ತೂಕ ಬರೆದುಕೊಳ್ಳಿ, ಅಲ್ಲಿಂದ ಮುಂದೆ ಇನ್ನೂ 20 ಒತ್ತಿ ಬರೆದುಕೊಳ್ಳಿ. ಎರಡರ ವ್ಯತ್ಯಾಸವನ್ನು 20ರಿಂದ ಭಾಗಿಸಿ. ತುದಿಯ ಸುತ್ತು ಕೂರುವ ತನಕ ಸಿಗುವ ಅಂಕಿ ಸುಳ್ಳಾದ್ದರಿಂದ ಸೊನ್ನೆಯಿಂದ ಶುರು ಮಾಡಬಾರದು. ಒಳಗೊಂದು ಪೈಪ್ ನಿಲ್ಲಿಸದೆ, ಮುಖ ಎದುರಿಗೆ ಇಟ್ಟುಕೊಂಡು ಒತ್ತಬೇಡಿ. ಜಾರಿ ಹಾರಿದ ಸ್ಪ್ರಿಂಗ್ ಹಲ್ಲು, ಕಣ್ಣು ಏನನ್ನೂ ಬಿಡುವುದಿಲ್ಲ.

ಉದ್ದ ಸ್ಪ್ರಿಂಗನ್ನು ಕತ್ತರಿಸಿ ಗಿಡ್ಡ ಮಾಡಿಕೊಳ್ಳುವುದು ನಮ್ಮ ಕಡೆ ಇನ್ನೂ ನಡೆಯುತ್ತಿದೆ. ಸುತ್ತು ಕಮ್ಮಿಯಾದಷ್ಟೂ ರೇಟು ಏರುತ್ತದೆ, ಲೆಕ್ಕ ಹಾಕಿ ಮಾಡಬಹುದು ನಿಜ. ಆದರೆ ಗ್ಯಾಸ್ ಕಟ್ಟರ್ ಹಿಡಿದರೆ ಆ ತುದಿಯ ಹದ ಹೋಗಿ ಅಲ್ಲಿಂದಲೇ ಕೂತುಬಿಡುತ್ತದೆ. ಸಾಣೆ ಚಕ್ರದಲ್ಲಿ ತಣ್ಣೀರು ಬಿಟ್ಟು ಕತ್ತರಿಸಿದರೂ ತುದಿ ಚಪ್ಪಟೆಯಾಗದೆ ಸ್ಲೈಡರನ್ನು ಓರೆ ತಳ್ಳುತ್ತದೆ. ಮಾಡಬೇಡಿ ಅನ್ನುವುದೇ ನನ್ನ ಮಾತು.

ಸ್ಲೈಡರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ, ಮಂಡ್ಯದವರಿಗೆ ತೂಬಿನಕೆರೆಯಲ್ಲಿ, ಲೇತ್‌ನವರು ಇದನ್ನು ಮಾಡಿಕೊಡಬಲ್ಲರು. ಬಾಯಲ್ಲಿ ಹೇಳಿ ಬರಬೇಡಿ, ಚೀಟಿಯಲ್ಲಿ ಚಿತ್ರ ಬರೆದು ಅಳತೆ ಹಾಕಿ ಕೊಡಿ. ವಸ್ತು ಡೆಲ್ರಿನ್ ಅನ್ನುವ ಪ್ಲಾಸ್ಟಿಕ್ ಆಗಿರಲಿ, ನೈಲಾನ್ ಬೇಡ. ಎರಡೂ ಬಿಳೀ ಸರಳಾಗಿ ಸಿಗುತ್ತವೆ, ಕಣ್ಣಿಗೆ ಒಂದೇ ಥರ ಕಾಣುತ್ತವೆ. ನೈಲಾನ್ ನೀರು ಕುಡಿದು ಉಬ್ಬುತ್ತದೆ. ನಾಲೆ ನೀರಿನಲ್ಲಿ ನಾಲ್ಕು ಸಲ ನೆನೆದರೆ ಬಾಡಿ ಮೇಲೆ ಕಚ್ಚಿಕೊಂಡು ಜಾರುವುದನ್ನೇ ನಿಲ್ಲಿಸುತ್ತದೆ. ಒಳವ್ಯಾಸ ಶಾಕ್ ಬಾಡಿಗಿಂತ 0.8 ಮಿ.ಮೀ. ದೊಡ್ಡದಿರಲಿ. ಇನ್ನೂ ಬಿಗಿ ಮಾಡಿದರೆ ಕೆಂಪು ಮಣ್ಣಿನ ಕಣ ಸಿಕ್ಕಿಕೊಂಡು ಬಾಡಿಯ ಮೇಲೆ ಉದ್ದುದ್ದ ಗೀರು ಎಳೆಯುತ್ತದೆ. ಸಡಿಲ ಮಾಡಿದರೆ ಸ್ಲೈಡರ್ ಓರೆಯಾಗಿ ಕಚ್ಚುತ್ತದೆ. ಅಂಚಿನ ದಪ್ಪ 6, ಸ್ಪ್ರಿಂಗಿನೊಳಗೆ ಹೋಗುವ ಕೊರಳು ಒಂದೊಂದು ಕಡೆ 25 ಮಿ.ಮೀ.ಗೆ ಕಮ್ಮಿಯಾಗದಿರಲಿ. ತಡೆ ಕೊಳವೆಯ ಗೋಡೆ 4 ಮಿ.ಮೀ. ಇರಲಿ, ಎರಡೂ ತುದಿ ನೇರ ಮೂಲೆಗೆ ಕತ್ತರಿಸಿರಲಿ. ಕೊನೆಯ ಗುದ್ದಿನಲ್ಲಿ 240 ಕೆ.ಜಿ. ಅದರ ಮೂಲಕವೇ ಹಾದುಹೋಗುತ್ತದೆ. ಸಂದನ್ನು ಅಳೆಯುವಾಗ ಮೇಲಿನ ಕೊರಳಿನ ತುದಿಯಿಂದ ಅಳೆಯಬೇಕು, ಅಂಚಿನಿಂದಲ್ಲ. ಕೊಳವೆಗೆ ಮೊದಲು ತಾಗುವುದು ಕೊರಳೇ.

ಶಾಕ್ ಪೂರ್ತಿ ಚಾಚಿಕೊಂಡಾಗ ಸ್ಲೈಡರ್ ಅತಿ ಕೆಳಗಿರುತ್ತದೆ. ಆಗಲೂ ಅದರ ಕೆಳಗಿನ ತುದಿ ಶಾಕಿನ ಬಾಡಿಯ ಮೇಲೇ ಇದೆಯೇ ನೋಡಿ. ಬಾಡಿ ದಾಟಿ ಶಾಫ್ಟಿನ ಕಡೆ ಇಳಿದಿದ್ದರೆ ಮೊದಲ ಜಿಗಿತದಲ್ಲೇ ಓರೆಯಾಗಿ ಬಾಡಿಯ ಅಂಚಿಗೆ ಸಿಕ್ಕಿಕೊಂಡು ಒಡೆಯುತ್ತದೆ. ಗಿಡ್ಡ ಸ್ಪ್ರಿಂಗ್ ಬಹಳ ಉದ್ದವಾದಾಗ ಆಗುವ ತಾಪತ್ರಯ ಇದು.

ಇನ್ನು ಕಾಲರ್ ತಿರುಗಿಸುವುದು. ಗಾಡಿ ತಗ್ಗಿದೆ ಅನ್ನಿಸಿದ ಕೂಡಲೇ ಸಿ-ಸ್ಪ್ಯಾನರ್ ಹಿಡಿದು ಕಾಲರ್ ಬಿಗಿ ಮಾಡುವುದು ಎಲ್ಲರ ಅಭ್ಯಾಸ. ಒಂದೇ ಸ್ಪ್ರಿಂಗಿರುವ ಶಾಕಿನಲ್ಲಿ ಅದರಿಂದ ಎತ್ತರ ಮಾತ್ರ ಬದಲಾಗುತ್ತದೆ. ಎರಡು ಸ್ಪ್ರಿಂಗಿನದರಲ್ಲಿ ಹಾಗಲ್ಲ. ಕಾಲರನ್ನು 20 ಮಿ.ಮೀ. ಒತ್ತಿದಿರಿ ಅಂತಿಟ್ಟುಕೊಳ್ಳಿ. ಚಕ್ರ ಗಾಳಿಯಲ್ಲಿದ್ದಾಗಲೇ ಗಿಡ್ಡ ಸ್ಪ್ರಿಂಗಿನ 28ರಲ್ಲಿ 9 ಮಿ.ಮೀ. ಖರ್ಚಾಗಿರುತ್ತದೆ. ಉಳಿದ 19ರಲ್ಲಿ ಗಟ್ಟಿ ಹಂತ 60ರ ಬದಲು 40ನೇ ಮಿಲಿಮೀಟರಿಗೇ ಬರುತ್ತದೆ. ಸ್ಯಾಗ್ 36ರಿಂದ 16ಕ್ಕೆ ಇಳಿಯುತ್ತದೆ. ಉದ್ದ ಸ್ಪ್ರಿಂಗ್ ಕೊನೆಯಲ್ಲಿ 92ರ ಬದಲು 112 ಮಿ.ಮೀ. ಕುಗ್ಗಬೇಕಾಗುತ್ತದೆ. ಒಂದು ಕಾಲರ್ ತಿರುಗಿಸಿ ಮೂರು ಸಂಗತಿ ಕೆಡಿಸಿದಂತೆ. ಎರಡು ಸ್ಪ್ರಿಂಗಿನ ಶಾಕಿಗೆ 5 ಮಿ.ಮೀ.ಗಿಂತ ಹೆಚ್ಚು ಒತ್ತಡ ಬೇಕಾಯಿತು ಅಂದರೆ ಸ್ಪ್ರಿಂಗಿನ ಆಯ್ಕೆಯೇ ತಪ್ಪಿದೆ ಅಂತ ತಿಳಿಯಿರಿ. ಕಾಲರಿನ ಮರೆ (ಥ್ರೆಡ್) ಒಂದು ಸುತ್ತಿಗೆ ಎಷ್ಟು ಮಿ.ಮೀ. ಅಂತ ಮೊದಲೇ ಅಳೆದು ಬರೆದಿಟ್ಟುಕೊಳ್ಳಿ. ಎಡ ಬಲ ಒಂದೇ ಆಗಿರಲಿ.

ಮೂರನೆಯ ಸ್ಪ್ರಿಂಗ್ ಬೇಕೇ? ಚಕ್ರ ಪೂರ್ತಿ ಇಳಿದಾಗ ಸ್ಪ್ರಿಂಗ್‌ಗಳು ಸಡಿಲವಾಗಿ ಕಟಕಟ ಅನ್ನುತ್ತಿದ್ದರೆ, ಮೊದಲ ಕೆಲವು ಮಿಲಿಮೀಟರ್ ಇನ್ನೂ ಮೃದುವಾಗಿರಲಿ ಅನ್ನಿಸಿದರೆ ಬೇಕು. ಆದರೆ ಇದನ್ನು ಅಂದಾಜಿನಲ್ಲಿ ಸೇರಿಸುವಂತಿಲ್ಲ. 0.9 ಕೆ.ಜಿ.ಯ, 40 ಮಿ.ಮೀ. ಕುಗ್ಗುವ ಪುಟ್ಟ ಸ್ಪ್ರಿಂಗ್ ಸೇರಿಸಿದರೆ ಮೂರರ ಒಟ್ಟು ಬಿಗಿ 0.63ಕ್ಕೆ ಬೀಳುತ್ತದೆ. ಪುಟ್ಟದ್ದು ಮುಚ್ಚಿಕೊಳ್ಳಲು 36 ಕೆ.ಜಿ. ಬೇಕು, ಅಷ್ಟರಲ್ಲಿ ಶಾಕ್ 57 ಮಿ.ಮೀ. ಕುಗ್ಗಿರುತ್ತದೆ. ಮಿಕ್ಕ ಭಾರಕ್ಕೆ ಇನ್ನೂ 19. ಒಟ್ಟು ಸ್ಯಾಗ್ 76. 120ರಲ್ಲಿ ಮೂರನೇ ಎರಡು ಭಾಗಕ್ಕೆ ಹತ್ತಿರ ನಿಂತಲ್ಲೇ ಹೋಯಿತು. ಇಲ್ಲಿ ಮಾತ್ರ ಕಾಲರ್ ಒತ್ತಡ ಬೇಕು: 45 ಮಿ.ಮೀ. ಒತ್ತಿ ಕೂರಿಸಿದರೆ ಪುಟ್ಟ ಸ್ಪ್ರಿಂಗ್ ಶಾಕಿನ ಮೊದಲ 12 ಮಿ.ಮೀ.ಗೇ ಮುಚ್ಚಿಕೊಳ್ಳುತ್ತದೆ, ಸ್ಯಾಗ್ 31ಕ್ಕೆ ಬರುತ್ತದೆ, ಗಟ್ಟಿ ಹಂತ 55ಕ್ಕೆ ಶುರುವಾಗುತ್ತದೆ. ಕಾಲರಿನ ಮರೆಯಲ್ಲಿ ಅಷ್ಟು ಜಾಗ ಇದೆಯೇ ಅಂತ ಮೊದಲು ನೋಡಿ. ಇಲ್ಲದಿದ್ದರೆ ಎರಡೇ ಸಾಕು.

ಹಿಂದಿನ ಶಾಕಿನ ಕಥೆ ಬೇರೆ. ಬಹುತೇಕ ಸ್ಪೋರ್ಟ್ ಎಟಿವಿಗಳಲ್ಲಿ, ಯಮಹಾ ವೈಎಫ್‌ಝಡ್ 450 ಆರ್ ಆಗಲಿ ಹೋಂಡಾ ಟಿಆರ್‌ಎಕ್ಸ್ 450 ಆರ್ ಆಗಲಿ, ಹಿಂದೆ ಒಂದೇ ಶಾಕ್, ಅದೂ ಲಿಂಕೇಜ್ (ಶಾಕಿಗೂ ಹಿಂದಿನ ಚಕ್ರ ಹೊತ್ತ ಸ್ವಿಂಗ್‌ಆರ್ಮ್ ಎಂಬ ತೋಳಿಗೂ ನಡುವಿನ ಸಣ್ಣ ತುಂಡುಗಳ ಜೋಡಣೆ) ಮೂಲಕ. ಚಕ್ರ ಮೇಲೆ ಹೋದಂತೆಲ್ಲ ಲಿಂಕೇಜೇ ಬಿಗಿ ಹೆಚ್ಚಿಸುತ್ತದೆ. ಹಾಗಾಗಿ ಅಲ್ಲಿ ಮೊದಲ ಹಂತಕ್ಕೂ ಎರಡನೇ ಹಂತಕ್ಕೂ ದೊಡ್ಡ ಅಂತರ ಬೇಡ. ಲಿಂಕೇಜ್ ತೆಗೆದು ಶಾಕನ್ನು ನೇರ ಸ್ವಿಂಗ್‌ಆರ್ಮಿಗೆ ಕೊಟ್ಟಿದ್ದರೆ ಮಾತ್ರ ಆ ಏರಿಕೆಯನ್ನೆಲ್ಲ ಸ್ಪ್ರಿಂಗೇ ಕೊಡಬೇಕು. ಸವಾರನ ತೂಕದ ಪ್ರಶ್ನೆ ಬಂದರೆ, 15 ಕೆ.ಜಿ. ಹೆಚ್ಚಿನವರು ಕೂತಾಗ ಮುಂದಿನ ಚಕ್ರದ ಹತ್ತಿರ ಆಗುವ ವ್ಯತ್ಯಾಸ 5-6 ಮಿ.ಮೀ. ಮಾತ್ರ. ಅದಕ್ಕಾಗಿ ಮುಂದಿನ ಸ್ಪ್ರಿಂಗ್ ಬದಲಿಸಬೇಕಾಗಿಲ್ಲ. ಸವಾರ ಕೂರುವುದು ಹಿಂದಕ್ಕೆ. ಹಿಂದಿನದನ್ನು ಮೊದಲು ಅಳೆಯಿರಿ.

ಡ್ಯಾಂಪಿಂಗ್ (ಸ್ಪ್ರಿಂಗಿನ ಕುಣಿತಕ್ಕೆ ಶಾಕ್ ಒಡ್ಡುವ ತಡೆ) ಹೊಂದಿಸದೆ ಸ್ಪ್ರಿಂಗ್ ಬದಲಿಸಿದರೆ ಅರ್ಧ ಕೆಲಸ. ಬೇಕಾದ ಡ್ಯಾಂಪಿಂಗ್ ಬಿಗಿಯ ವರ್ಗಮೂಲದ ಹಾಗೆ ಏರುತ್ತದೆ. 2.12ರಿಂದ 4ಕ್ಕೆ ಹೋದಾಗ ಶೇ. 37 ಹೆಚ್ಚು ಬೇಕು, ಆದರೆ ರಿಬೌಂಡ್ (ಕುಗ್ಗಿದ ಶಾಕ್ ವಾಪಸ್ ಚಾಚುವ ವೇಗ) ಹೊಂದಿಸುವ ಗುಬುಟು ಒಂದೇ. ಗಟ್ಟಿ ಹಂತಕ್ಕೆ ಹೊಂದಿಸಿದರೆ ಮೆತ್ತನೆಯ ಹಂತದಲ್ಲಿ ಶಾಕ್ ನಿಧಾನವಾಗಿ ಚಾಚುತ್ತದೆ. ಸಾಲು ಏಣುಗಳ ಮೇಲೆ ಒಂದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಗಾಡಿ ಕುಸಿಯುತ್ತ ಹೋಗುತ್ತದೆ. ಮೆತ್ತನೆಯ ಹಂತಕ್ಕೆ ಹೊಂದಿಸಿದರೆ ದೊಡ್ಡ ಜಿಗಿತದ ನಂತರ ಮೂತಿ ಎತ್ತಿ ಎಸೆಯುತ್ತದೆ. ಎಸೆಯುವುದೇ ಹೆಚ್ಚು ಅಪಾಯ. ಅದಕ್ಕೇ ಮೊದಲು ಜಿಗಿತಕ್ಕೆ ಸರಿಮಾಡಿ, ಆಮೇಲೆ ಏಣಿನ ಮೇಲೆ ಕುಸಿಯದಿರುವ ತನಕ ಒಂದೊಂದೇ ಕ್ಲಿಕ್ ಬಿಡಿ. ಎರಡೂ ಒಟ್ಟಿಗೆ ಸಿಗದಿದ್ದರೆ ಉದ್ದ ಸ್ಪ್ರಿಂಗನ್ನು ಸ್ವಲ್ಪ ಮೆತ್ತಗೆ ಮಾಡಿ, ಕ್ರಾಸ್‌ಓವರನ್ನು ಮುಂಚೆ ತನ್ನಿ. ಅಂತರ ಕಮ್ಮಿಯಾದಷ್ಟೂ ಒಂದೇ ಗುಬುಟು ಎರಡಕ್ಕೂ ಒಗ್ಗುತ್ತದೆ.

ನೈಟ್ರೋಜನ್ ಇಳಿದಿದ್ದರೆ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಹಾಕುವ ನೈಟ್ರೋಜನ್ ಒತ್ತಡ ಇದಕ್ಕೆ ಸಾಲದು. ವೆಲ್ಡಿಂಗ್ ಗ್ಯಾಸ್ ಮಾರುವವರ ಹತ್ತಿರ ಸಿಲಿಂಡರ್, ಅದಕ್ಕೆ ತಕ್ಕ ರೆಗ್ಯುಲೇಟರ್ ಬೇಕು. ಒತ್ತಡ ಬಿಡದೆ ಶಾಕಿನ ಮುಚ್ಚಳ ಬಿಚ್ಚಲು ಹೋಗಬೇಡಿ. ಟೈರಿನ ಗಾಳಿಯೂ ಅಷ್ಟೇ: ಸ್ಪೋರ್ಟ್ ಎಟಿವಿ ಟೈರಿಗೆ 4ರಿಂದ 6 ಪಿಎಸ್‌ಐ ಸಾಕು, ಕಾರಿನ ಗೇಜಿನಲ್ಲಿ ಅದು ಸರಿಯಾಗಿ ಕಾಣುವುದೇ ಇಲ್ಲ. ಚಿಕ್ಕ ಗೇಜು ತೆಗೆದುಕೊಳ್ಳಿ. ಎಡಕ್ಕೂ ಬಲಕ್ಕೂ 1 ಪಿಎಸ್‌ಐ ವ್ಯತ್ಯಾಸ ಇದ್ದರೆ ಸ್ಪ್ರಿಂಗ್ ಸರಿಯಿದ್ದರೂ ಗಾಡಿ ಒಂದು ಕಡೆ ಎಳೆಯುತ್ತದೆ.

ಜೋಡಿಸಿ ಆದ ಮೇಲೆ ಶಾಫ್ಟಿಗೆ ಒಂದು ತೆಳ್ಳನೆಯ ಕೇಬಲ್ ಟೈ ಕಟ್ಟಿ, ಮೇಲಕ್ಕೆ ಸರಿಸಿಡಿ. ತಡೆ ಕೊಳವೆಯ ತುದಿಗೆ ಬೆರಳ ತುದಿಯಷ್ಟು ಗ್ರೀಸ್ ಸವರಿ. ಗಾಡಿಗೆ ರಸ್ತೆ ನೋಂದಣಿ ಇರುವುದಿಲ್ಲವಾದ್ದರಿಂದ ಟಾಟಾ ಏಸ್ ಮೇಲೆ ಹಾಕಿಕೊಂಡು ಸ್ವಂತ ತೋಟಕ್ಕೋ ಖಾಸಗಿ ಟ್ರ್ಯಾಕಿಗೋ ಒಯ್ದು, ಯಾವಾಗಲೂ ಓಡಿಸುವ ವೇಗದಲ್ಲೇ ಹತ್ತು ನಿಮಿಷ ಓಡಿಸಿ. ಸ್ಯಾಗ್ ಅಳೆಯುವಾಗ ಒಮ್ಮೆ ಗಾಡಿ ಒತ್ತಿ ಬಿಟ್ಟು, ಒಮ್ಮೆ ಎತ್ತಿ ಬಿಟ್ಟು ಎರಡರ ನಡುವಿನ ಅಂಕಿ ಹಿಡಿಯಿರಿ, ಸೀಲಿನ ತಿಕ್ಕಾಟದಿಂದ ಒಂದೇ ಸಲದ ಅಳತೆ ನಂಬಲಾಗದು.

ಕೇಬಲ್ ಟೈ ಕೊನೆಯ 10 ಮಿ.ಮೀ. ಬಿಟ್ಟು ನಿಂತಿದ್ದರೆ, ಸ್ಲೈಡರಿನ ಮೇಲೆ ಗ್ರೀಸಿನ ಗುರುತು ಸುತ್ತಲೂ ಸಮನಾಗಿ ಮೂಡಿದ್ದರೆ ಲೆಕ್ಕ ಕೂತಿದೆ. ಗುರುತು ಒಂದೇ ಕಡೆ ದಟ್ಟವಾಗಿದ್ದರೆ ಸ್ಲೈಡರ್ ಓರೆ; ಸ್ಪ್ರಿಂಗಿನ ತುದಿ ಚಪ್ಪಟೆಯಿದೆಯೇ ನೋಡಿ. ಗುರುತೇ ಇಲ್ಲ, ಆದರೆ ಶಾಕ್ ತಳ ಬಡಿದಿದೆ ಅಂದರೆ ಸಂದು ಹೆಚ್ಚಾಗಿದೆ, ಬಳೆ ಹಾಕಿ. ಗುರುತು ಇದೆ, ಸ್ಯಾಗ್ ಸರಿಯಿದೆ, ಆದರೂ ತಳ ಬಡಿಯುತ್ತಿದೆ ಅಂದರೂ ಮೊದಲು ಬಳೆಯೇ. ಎರಡು ಬಳೆ ಹಾಕಿದ ಮೇಲೂ ನಿಲ್ಲದಿದ್ದರೆ ಆಗ ಉದ್ದ ಸ್ಪ್ರಿಂಗನ್ನು ಒಂದು ಮೆಟ್ಟಿಲು ಏರಿಸಿ, 225 ಇದ್ದದ್ದು 250. ಜೊತೆಗೆ ಗಿಡ್ಡದ್ದನ್ನು 225ಕ್ಕೆ ಇಳಿಸಿ. ಎರಡರ ಜಾಗ ಅದಲು ಬದಲಾದರೂ ಮೊದಲ ಹಂತದ ಬಿಗಿ ಅದೇ 2.12, ಸ್ಯಾಗ್ ಕದಲುವುದಿಲ್ಲ. ಸಂದು ಮಾತ್ರ ಮತ್ತೆ ಲೆಕ್ಕ ಹಾಕಿ: 127 ಭಾಗಿಸು 4, 32 ಮಿ.ಮೀ.